ಒಂದು ಲಿನಕ್ಸ್, ಇಪ್ಪತ್ತು ಕಂಪ್ಯೂಟರ್: ಇಮೇಜ್ ತೆಗೆಯಲು ಯಾವ ದಾರಿ?

ಕಳೆದ ತಿಂಗಳು ಒಂದೇ ವಾರದಲ್ಲಿ ಮೂರು ಫೋನ್ ಬಂದವು. ಮೂವರದೂ ಒಂದೇ ಪ್ರಶ್ನೆ: ಡಿಸ್ಕಿನ ಇಮೇಜ್, ಅಂದರೆ ಲಿನಕ್ಸ್, ಸೆಟ್ಟಿಂಗ್, ಫೈಲ್ ಸಮೇತ ಇಡೀ ಡಿಸ್ಕಿನ ನಕಲು, ತೆಗೆಯಲು ಯಾವ ಸಾಫ್ಟ್‌ವೇರ್ ಒಳ್ಳೆಯದು? ನಾನು ಕೊಟ್ಟ ಉತ್ತರ ಮಾತ್ರ ಮೂರು.

ಮೊದಲನೆಯದು ಧಾರವಾಡದ ಒಂದು ಕಾಲೇಜಿನ ಲ್ಯಾಬಿನಿಂದ. "ಸರ, ಒಂದ್ ಮಷೀನ್ ಪೂರಾ ರೆಡಿ ಮಾಡೇನ್ರಿ. ಮಿಂಟ್ ಲಿನಕ್ಸ್ ಹಾಕೇನಿ, ಕನ್ನಡ ಕೀಬೋರ್ಡ್ ಹಾಕೇನಿ, ಪ್ರಿಂಟರ್ ಸೇರ್ಸೇನಿ. ಉಳಿದ ಹತ್ತೊಂಬತ್ತಕ್ಕೂ ಹಿಂಗ ಕುಂತು ಮಾಡ್ಬೇಕೇನ್ರಿ?" ಎರಡನೆಯದು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್. ಇರುವುದು ಒಂದೇ ಕಂಪ್ಯೂಟರ್. ಮದುವೆ ಸೀಸನ್ ಹತ್ತಿರ ಬಂದಿದೆ, ಡಿಸ್ಕ್ ಕೈಕೊಟ್ಟರೆ ಅರ್ಧ ದಿನದಲ್ಲಿ ಮತ್ತೆ ಎಬ್ಬಿಸಬೇಕು. ಮೂರನೆಯದು ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿ. ಹಳೆಯ 500 ಜಿಬಿ ಹಾರ್ಡ್ ಡಿಸ್ಕ್ ತೆಗೆದು 240 ಜಿಬಿ ಎಸ್‌ಎಸ್‌ಡಿ ಹಾಕಬೇಕು, ಒಳಗಿನ ಒಂದು ಐಕಾನ್ ಕೂಡ ಜಾಗ ಬಿಟ್ಟು ಅಲುಗಬಾರದು.

ಎಲ್ಲರೂ ಕೇಳಿದ್ದು "ಬೆಸ್ಟ್ ಸಾಫ್ಟ್‌ವೇರ್ ಯಾವುದ್ರಿ?" ಅಂತ. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಇಮೇಜ್ ಎಲ್ಲಿಂದ ತೆಗೆಯುತ್ತೀರಿ ಅನ್ನುವುದಕ್ಕಿಂತ ಎಲ್ಲಿಗೆ ಸುರಿಯುತ್ತೀರಿ ಅನ್ನುವುದೇ ದೊಡ್ಡದು. ದೊಡ್ಡ ಕೊಡದ ನೀರು ಸಣ್ಣ ಕೊಡಕ್ಕೆ ಹಿಡಿಯುತ್ತದಾ? ಇಲ್ಲಿಯೂ ಅಷ್ಟೇ.

ಮೊದಲು ಇಷ್ಟು ಕೇಳಿಕೊಳ್ಳಿ

ಹೊಸ ಡಿಸ್ಕ್ ಹಳೆಯದಕ್ಕಿಂತ ದೊಡ್ಡದಾ, ಸಣ್ಣದಾ? ಇದೊಂದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿಯಿತು. ಇಲ್ಲೊಂದು ಬಲೆಯೂ ಇದೆ. ಅಂಗಡಿಯಲ್ಲಿ "ಐನೂರು ಜಿಬಿ" ಅಂತ ಕೇಳಿದರೆ ಒಮ್ಮೆ 480 ಕೊಡುತ್ತಾರೆ, ಒಮ್ಮೆ 500, ಒಮ್ಮೆ 512. 500ರಿಂದ 512ಕ್ಕೆ ಹೋಗುವುದು ಸಲೀಸು. 480ಕ್ಕೆ ಹೋಗುವಾಗ ತಲೆನೋವು. ಕೊಳ್ಳುವ ಮುಂಚೆ ಡಬ್ಬಿಯ ಮೇಲಿನ ಅಂಕಿ ಓದಿ.

ಸುರಿಯುವುದು ಒಂದು ಮಷೀನ್‌ಗಾ, ಇಪ್ಪತ್ತಕ್ಕಾ? ಎಲ್ಲ ಒಂದೇ ಮಾಡೆಲ್ಲಾ, ಇಲ್ಲ ಒಂದೊಂದು ಒಂದೊಂದು ಥರವಾ? ಇಮೇಜ್ ತೆಗೆಯುವಾಗ ಕಂಪ್ಯೂಟರನ್ನು ಒಂದು ತಾಸು ಬಂದ್ ಮಾಡಬಹುದಾ? ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ: ನಾಳೆ ಡಿಸ್ಕ್ ಸತ್ತಾಗ ಇದನ್ನು ವಾಪಸ್ ಹಾಕುವವರು ಯಾರು? ನೀವೇ ಆದರೆ ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ ನಡೆಯುತ್ತದೆ. ಅಂಗಡಿಯ ಹುಡುಗ ಆದರೆ ಮೌಸ್ ಒತ್ತಿ ಮುಗಿಯುವಂಥದ್ದೇ ಬೇಕು.

ದುಡ್ಡಿನ ಮಾತು ಚಿಕ್ಕದು. ಕೆಳಗೆ ಹೇಳುವ ಸಾಫ್ಟ್‌ವೇರ್ ಎಲ್ಲ ಪುಕ್ಕಟೆ. ಖರ್ಚು ಬೀಳುವುದು ಇಮೇಜ್ ಇಡುವ ಎಕ್ಸ್‌ಟರ್ನಲ್ ಡಿಸ್ಕಿಗೆ. ಲ್ಯಾಬ್ ಆದರೆ ಒಂದು ಗಿಗಾಬಿಟ್ ಸ್ವಿಚ್ಚಿಗೆ ಮತ್ತು ನೆಟ್ಟಗಿರುವ ಕೇಬಲ್‌ಗಳಿಗೆ.

ಡಿಡಿ: ಹಳೆಯ ಹುಲಿ

ಎಲ್ಲ ಲಿನಕ್ಸ್‌ನಲ್ಲೂ ಮೊದಲಿನಿಂದ ಇರುವುದು ಡಿಡಿ ಅನ್ನುವ ಕಮಾಂಡ್. ಡಿಸ್ಕಿನ ಮೊದಲ ಬೈಟ್‌ನಿಂದ ಕೊನೆಯ ಬೈಟ್‌ವರೆಗೆ ಇದ್ದದ್ದು ಇದ್ದ ಹಾಗೆ ನಕಲು ಮಾಡುತ್ತದೆ. ಒಳಗೆ ಯಾವ ಫೈಲ್‌ಸಿಸ್ಟಂ (ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಇದೆ, ಎನ್‌ಕ್ರಿಪ್ಟ್ ಆಗಿದೆಯೋ ಇಲ್ಲವೋ, ಅದಕ್ಕೆ ಬೇಕಾಗಿಯೇ ಇಲ್ಲ. ಅದರ ಬಲ ಅದೇ, ದೌರ್ಬಲ್ಯವೂ ಅದೇ. ಖಾಲಿ ಜಾಗವನ್ನೂ ಬಿಡದೆ ನಕಲು ಮಾಡುತ್ತದೆ. 500 ಜಿಬಿ ಡಿಸ್ಕಿನಲ್ಲಿ 20 ಜಿಬಿ ಮಾತ್ರ ತುಂಬಿದ್ದರೂ 500 ಜಿಬಿ ಓದುತ್ತದೆ. ಹಳೆ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದಿದರೂ 5000 ಸೆಕೆಂಡ್, ಅಂದರೆ ಒಂದು ತಾಸು ಇಪ್ಪತ್ಮೂರು ನಿಮಿಷ. ಎಕ್ಸ್‌ಟರ್ನಲ್ ಡಿಸ್ಕನ್ನು ಹಳೆಯ ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿದರೆ ಸೆಕೆಂಡಿಗೆ 30 ಎಂಬಿ ಸಿಕ್ಕರೆ ಪುಣ್ಯ. ಆಗ ನಾಲ್ಕೂವರೆ ತಾಸು. ಊಟ ಮಾಡಿ ಒಂದು ನಿದ್ದೆ ತೆಗೆದು ಬರಬಹುದು.

ಇನ್ನೊಂದು ಅಪಾಯ ನಾನೇ ಅನುಭವಿಸಿದ್ದು. ಹುಬ್ಬಳ್ಳಿಯ ಒಂದು ಡಿಟಿಪಿ ಅಂಗಡಿಯಲ್ಲಿ ಹಳೆ ಡಿಸ್ಕನ್ನು ಹೊಸದಕ್ಕೆ ನಕಲು ಮಾಡಬೇಕಿತ್ತು. ಮುಂಜಾನೆ ನೋಡಿದಾಗ ಲಿನಕ್ಸ್ ಕೊಟ್ಟ ಹೆಸರು ಹಳೆಯದಕ್ಕೆ ಎಸ್‌ಡಿಎ, ಹೊಸದಕ್ಕೆ ಎಸ್‌ಡಿಬಿ. ಚೀಟಿಯಲ್ಲಿ ಬರೆದಿಟ್ಟುಕೊಂಡೆ. ನಡುವೆ ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಆನ್ ಮಾಡಿ, ಚೀಟಿ ನೋಡಿಕೊಂಡು ಡಿಡಿ ಓಡಿಸಿದೆ. ಈ ಹೆಸರುಗಳು ಒಮ್ಮೆ ಆನ್ ಮಾಡಿದಾಗ ಇದ್ದಂತೆ ಇನ್ನೊಮ್ಮೆ ಇರುತ್ತವೆ ಅನ್ನುವ ಗ್ಯಾರಂಟಿ ಇಲ್ಲ ಅನ್ನುವುದು ನನಗೆ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ. ಹೊಸ ಡಿಸ್ಕಿನ ಖಾಲಿತನ ಹಳೆಯದರ ಮೇಲೆ ಬರೆಯಿತು. ಆರು ತಿಂಗಳ ಲಗ್ನಪತ್ರಿಕೆ ಡಿಸೈನ್ ಹೋಯಿತು. ಮಾಲೀಕರು ಸಿಟ್ಟಾಗಲಿಲ್ಲ. "ಇರ್ಲಿ ಬಿಡ್ರಿ, ಚಾ ಕುಡೀರಿ" ಅಂದರು. ಬೈದಿದ್ದರೆ ಒಳ್ಳೆಯದಿತ್ತು ಅನಿಸಿತು.

ಆಮೇಲೆ ಒಂದು ರೂಢಿ ಮಾಡಿಕೊಂಡೆ. ಎಂಟರ್ ಒತ್ತುವ ಮುಂಚೆ ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಓಡಿಸಿ, ಡಿಸ್ಕಿನ ಗಾತ್ರ, ಮಾಡೆಲ್, ಸೀರಿಯಲ್ ನಂಬರ್ ಮೂರನ್ನೂ ಡಿಸ್ಕಿನ ಮೇಲಿನ ಚೀಟಿಗೆ ತಾಳೆ ನೋಡುತ್ತೇನೆ. ಡಿಡಿ ಬಳಸುವುದೇ ಆದರೆ ನೀವೂ ಹೀಗೆ ಮಾಡಿ. ಕಂಪ್ಯೂಟರ್ ಓಡುತ್ತಿರುವಾಗ ಅದರದೇ ಡಿಸ್ಕನ್ನು ನಕಲು ಮಾಡಬೇಡಿ, ಪೆನ್‌ಡ್ರೈವ್‌ನಿಂದಲೇ ನಡೆಯುವ ಲೈವ್ ಲಿನಕ್ಸ್ ಬೂಟ್ ಮಾಡಿ. ಇಮೇಜನ್ನು ಫ್ಯಾಟ್32 ಅನ್ನುವ ಹಳೆ ಫೈಲ್‌ಸಿಸ್ಟಂ ಇರುವ ಡಿಸ್ಕಿಗೆ ಬರೆಯಬೇಡಿ, 4 ಜಿಬಿ ಮುಟ್ಟಿದ ಕೂಡಲೇ ನಿಂತುಬಿಡುತ್ತದೆ. ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದ್ದರೆ ಡಿಡಿ ಬೇಡವೇ ಬೇಡ. ಅದಕ್ಕೆ ಡಿಡಿರೆಸ್ಕ್ಯೂ ಇದೆ. ಅದು ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಿ, ಆಮೇಲೆ ತಿರುಗಿ ಬಂದು ಪ್ರಯತ್ನಿಸುತ್ತದೆ.

ನನ್ನ ಮಟ್ಟಿಗೆ ಡಿಡಿ ಎರಡೇ ಸಂದರ್ಭಕ್ಕೆ: ಬೇರೆ ಯಾವ ಟೂಲಿಗೂ ಅರ್ಥವಾಗದ ಡಿಸ್ಕ್ ಆದಾಗ, ಇಲ್ಲವೇ ಡಿಸ್ಕ್ ತೀರಾ ಸಣ್ಣದಿದ್ದಾಗ.

ಕ್ಲೋನ್‌ಜಿಲ್ಲಾ ಮತ್ತು ರೆಸ್ಕ್ಯೂಜಿಲ್ಲಾ: ಅಣ್ಣ ತಮ್ಮ

ಕ್ಲೋನ್‌ಜಿಲ್ಲಾ ತೈವಾನಿನ ಸೂಪರ್‌ಕಂಪ್ಯೂಟಿಂಗ್ ಕೇಂದ್ರದವರು ಮಾಡಿದ್ದು. ಅದರ ಹೊಟ್ಟೆಯೊಳಗೆ ಕೆಲಸ ಮಾಡುವುದು ಪಾರ್ಟ್‌ಕ್ಲೋನ್. ಇದಕ್ಕೆ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ವಿಂಡೋಸಿನ ಎನ್‌ಟಿಎಫ್‌ಎಸ್ ಈ ಫೈಲ್‌ಸಿಸ್ಟಂ ಎಲ್ಲ ಗೊತ್ತು. ಹಾಗಾಗಿ ಫೈಲ್ ಇರುವ ಜಾಗ ಮಾತ್ರ ಓದುತ್ತದೆ. ಅದೇ 500 ಜಿಬಿ ಡಿಸ್ಕಿನ 20 ಜಿಬಿಯನ್ನು ಐದಾರು ನಿಮಿಷದಲ್ಲಿ ಮುಗಿಸುತ್ತದೆ. ಒತ್ತಿ ಚಿಕ್ಕದೂ ಮಾಡುತ್ತದೆ. ನನ್ನ ಲೆಕ್ಕದಲ್ಲಿ 20 ಜಿಬಿ ಮಿಂಟ್ 8ರಿಂದ 10 ಜಿಬಿಗೆ ಇಳಿಯುತ್ತದೆ. ದೊಡ್ಡ ಇಮೇಜನ್ನು ತಾನೇ ತುಂಡು ಮಾಡಿ ಇಡುವುದರಿಂದ ಫ್ಯಾಟ್32ರ ಕಾಟವೂ ಇಲ್ಲ.

ಪರದೆ ಮಾತ್ರ ನೀಲಿ, ಬೂದು, ಅಕ್ಷರವೇ ಅಕ್ಷರ. ಮೌಸ್ ಇಲ್ಲ. ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತದೆ. ಬಿಗಿನರ್ ಮೋಡ್ ಹಿಡಿದು ಕೊಟ್ಟ ಉತ್ತರವನ್ನೇ ಒಪ್ಪಿಕೊಂಡು ಹೋದರೆ ಸಾಕು, ಎರಡು ಕಡೆ ಮಾತ್ರ ಕಣ್ಣು ಬಿಟ್ಟು ಓದಿ. ಡಿಸ್ಕಿನಿಂದ ಇಮೇಜಿಗಾ, ಡಿಸ್ಕಿನಿಂದ ಡಿಸ್ಕಿಗಾ ಅಂತ ಕೇಳುವಲ್ಲಿ ಒಮ್ಮೆ. ತೆಗೆದ ಇಮೇಜನ್ನು ತಾಳೆ ನೋಡಲಾ ಅಂತ ಕೇಳುವಲ್ಲಿ ಇನ್ನೊಮ್ಮೆ. ಅಲ್ಲಿ ಹೂಂ ಅನ್ನಿ. ಹತ್ತು ನಿಮಿಷ ಜಾಸ್ತಿ ಹಿಡಿಯಲಿ, ಪರವಾಗಿಲ್ಲ.

ರೆಸ್ಕ್ಯೂಜಿಲ್ಲಾ ಇದೇ ಪಾರ್ಟ್‌ಕ್ಲೋನ್ ಬಳಸುತ್ತದೆ, ಆದರೆ ಮೈಮೇಲೆ ಚಂದದ ಅಂಗಿ ಹಾಕಿಕೊಂಡಿದೆ. ಪೆನ್‌ಡ್ರೈವ್‌ನಿಂದ ಬೂಟ್ ಆದರೆ ದೊಡ್ಡ ಗುಂಡಿಗಳು ಕಾಣುತ್ತವೆ: ಬ್ಯಾಕಪ್, ರೀಸ್ಟೋರ್, ಕ್ಲೋನ್. ಇದರ ಇಮೇಜನ್ನು ಕ್ಲೋನ್‌ಜಿಲ್ಲಾ ಓದುತ್ತದೆ, ಅದರದನ್ನು ಇದು ಓದುತ್ತದೆ. ಇಮೇಜಿನೊಳಗಿಂದ ಒಂದೇ ಒಂದು ಫೈಲ್ ಎತ್ತಿಕೊಳ್ಳುವ ಇಮೇಜ್ ಎಕ್ಸ್‌ಪ್ಲೋರರ್ ಕೂಡ ಇದೆ. ಅದಕ್ಕಿನ್ನೂ ಬೀಟಾ ಅನ್ನುವ ಹಣೆಪಟ್ಟಿ ಇರುವುದರಿಂದ ಅದನ್ನೇ ನಂಬಿ ಕೂರಬೇಡಿ. ನೆಟ್‌ವರ್ಕಿನಲ್ಲಿ ಇಪ್ಪತ್ತು ಮಷೀನಿಗೆ ಒಟ್ಟಿಗೆ ಸುರಿಯುವುದು ಇದರ ಕೆಲಸವಲ್ಲ.

ಗದಗಿನ ಪ್ರೆಸ್ಸಿಗೆ ನಾನು ಹೇಳಿದ್ದು ರೆಸ್ಕ್ಯೂಜಿಲ್ಲಾ. ಒಂದೇ ಮಷೀನ್, ಅದೇ ಗಾತ್ರದ ಇನ್ನೊಂದು ಡಿಸ್ಕ್ ಕಪಾಟಿನಲ್ಲಿ ಇದೆ, ವಾಪಸ್ ಹಾಕುವವನು ಅಲ್ಲಿ ಡಿಸೈನ್ ಮಾಡುವ ಹುಡುಗ. ತಿಂಗಳಿಗೊಮ್ಮೆ ಅಂಗಡಿ ಮುಚ್ಚುವಾಗ ಇಮೇಜ್ ತೆಗೆಯುತ್ತಾನೆ. ದಿನದ ಡಿಸೈನ್ ಫೈಲುಗಳನ್ನು ಬೇರೆಯಾಗಿ ಪೆನ್‌ಡ್ರೈವಿಗೆ ಹಾಕಿಕೊಳ್ಳುತ್ತಾನೆ. ತಿಂಗಳ ಇಮೇಜಿನಲ್ಲಿ ನಿನ್ನೆಯ ಲಗ್ನಪತ್ರಿಕೆ ಇರುವುದಿಲ್ಲ ಅಲ್ವಾ? ಆ ಮಷೀನಿನಲ್ಲಿ ವಿಂಡೋಸ್ ಕೂಡ ಇದೆ, ಹಳೆ ಫೈಲ್ ತೆರೆಯಲು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಅದರ ಪಾರ್ಟಿಶನ್ (ಡಿಸ್ಕಿನಲ್ಲಿ ಅದರ ಪಾಲು) ಅರೆನಿದ್ದೆಯಲ್ಲಿರುತ್ತದೆ, ಇಮೇಜ್ ತೆಗೆಯಲು ಕೊಸರಾಡುತ್ತದೆ. ಮೊದಲು ಅದನ್ನು ಆಫ್ ಮಾಡಿಸಿದೆ.

ಸಿಸ್ಟಂ ಫೈಲುಗಳ ಹಳೆ ಸ್ಥಿತಿ ಉಳಿಸಿಡುವ ಟೈಮ್‌ಶಿಫ್ಟ್ ಸಾಕಲ್ವಾ ಅಂತ ಹುಡುಗ ಕೇಳಿದ. ಸಾಲದು. ಅಪ್‌ಡೇಟ್ ಮಾಡಿ ಕೆಟ್ಟರೆ ಹಿಂದಕ್ಕೆ ಹೋಗಲು ಅದು ಒಳ್ಳೆಯದು. ಆದರೆ ನಮ್ಮ ಫೈಲುಗಳಿರುವ ಹೋಂ ಫೋಲ್ಡರನ್ನು, ನಾವು ಹೇಳದ ಹೊರತು, ಅದು ಸುಮ್ನೆ ಬಿಟ್ಟುಬಿಡುತ್ತದೆ. ಅದೇ ಡಿಸ್ಕಿನಲ್ಲಿ ಇಟ್ಟಿದ್ದರೆ ಡಿಸ್ಕಿನ ಜತೆಗೇ ಸಾಯುತ್ತದೆ.

ದೊಡ್ಡದರಿಂದ ಸಣ್ಣದಕ್ಕೆ

ಈ ಅಣ್ಣ ತಮ್ಮಂದಿರ ದೊಡ್ಡ ಕೊರತೆ ಬ್ಯಾಡಗಿಯಲ್ಲಿ ಕಾಣುತ್ತದೆ. ಹೊಸ ಡಿಸ್ಕ್ ಹಳೆಯದಕ್ಕಿಂತ ಸಣ್ಣದಿದ್ದರೆ ಕ್ಲೋನ್‌ಜಿಲ್ಲಾ ಮುಖ ತಿರುಗಿಸುತ್ತದೆ. 500 ಜಿಬಿಯಲ್ಲಿ ತುಂಬಿರುವುದು 40 ಜಿಬಿಯೇ ಆಗಿರಲಿ, ಪಾರ್ಟಿಶನ್ ಗಾತ್ರ 500 ಇದ್ದರೆ ಅದಕ್ಕೆ 500 ಬೇಕು.

ಎರಡು ದಾರಿ ಇವೆ. ಒಂದು, ಮೊದಲು ಪಾರ್ಟಿಶನ್ ಬದಲಿಸುವ ಜಿಪಾರ್ಟೆಡ್ ಹಾಕಿ ಪಾರ್ಟಿಶನ್ನನ್ನು 200 ಜಿಬಿಗೆ ಕುಗ್ಗಿಸಿ. ಆಮೇಲೆ ಕ್ಲೋನ್‌ಜಿಲ್ಲಾದ ಎಕ್ಸ್‌ಪರ್ಟ್ ಮೋಡಿನಲ್ಲಿ ಡಿಸ್ಕ್ ಗಾತ್ರ ನೋಡಬೇಡ, ಪಾರ್ಟಿಶನ್ ಟೇಬಲನ್ನು ಹೊಸ ಡಿಸ್ಕಿನ ಅಳತೆಗೆ ತಕ್ಕಂತೆ ಮಾಡು ಅನ್ನುವ ಆಯ್ಕೆಗಳನ್ನು ಹಾಕಿ. ಇದು ಇಎಕ್ಸ್‌ಟಿ4 ಇದ್ದರೆ ಆಗುತ್ತದೆ. ಎಕ್ಸ್‌ಎಫ್‌ಎಸ್ ಇದ್ದರೆ ಈ ದಾರಿ ಬಂದ್, ಅದನ್ನು ಹಿಗ್ಗಿಸಬಹುದು, ಕುಗ್ಗಿಸಲು ಬರುವುದಿಲ್ಲ. ಇನ್ನೊಂದು ಮಾತು, ಕುಗ್ಗಿಸುವ ಕೆಲಸ ನಡೆಯುವುದು ಅಸಲಿ ಡಿಸ್ಕಿನ ಮೇಲೆಯೇ. ನಡುವೆ ಕರೆಂಟ್ ಹೋದರೆ ಅಸಲಿಗೇ ಏಟು. ಯುಪಿಎಸ್ ಇಲ್ಲದ ಅಂಗಡಿಯಲ್ಲಿ ನಾನು ಇದಕ್ಕೆ ಕೈ ಹಾಕುವುದಿಲ್ಲ.

ಎರಡನೆಯದು ಎಫ್‌ಎಸ್‌ಆರ್ಕೈವರ್. ಇದು ಡಿಸ್ಕಿನ ಬ್ಲಾಕ್ (ಚಿಕ್ಕ ಚಿಕ್ಕ ತುಂಡು) ನಕಲು ಮಾಡದೆ ಫೈಲುಗಳನ್ನೇ ಎತ್ತಿ ಒಂದು ಮೂಟೆ ಕಟ್ಟುತ್ತದೆ, ಒಡೆತನ, ಅನುಮತಿ ಎಲ್ಲ ಹಾಗೆಯೇ ಇಟ್ಟುಕೊಂಡು. ಬಿಚ್ಚುವಾಗ ಎಷ್ಟು ಜಾಗ ಇದೆಯೋ ಅಷ್ಟರಲ್ಲಿ ಹರಡುತ್ತದೆ. 40 ಜಿಬಿ ಫೈಲಿಗೆ 240 ಜಿಬಿ ಡಿಸ್ಕ್ ಧಾರಾಳ. ಹಳೆ ಡಿಸ್ಕನ್ನು ಬರೀ ಓದುತ್ತದೆ, ಬರೆಯುವುದಿಲ್ಲ. ಮೂಟೆಗೆ ಚೆಕ್‌ಸಮ್ ಅನ್ನುವ ತಾಳೆ ಅಂಕಿ ಹಾಕಿರುತ್ತದೆ, ಎಲ್ಲಾದರೂ ಕೆಟ್ಟಿದ್ದರೆ ಬಿಚ್ಚುವಾಗ ತಿಳಿಯುತ್ತದೆ.

ಬೆಲೆ ಏನು ಕೊಡಬೇಕು? ಶ್ರಮ. ಹೊಸ ಡಿಸ್ಕಿನಲ್ಲಿ ಪಾರ್ಟಿಶನ್ನುಗಳನ್ನು ನೀವೇ ಮಾಡಬೇಕು. ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್ ಬರುವುದಿಲ್ಲ. ಲೈವ್ ಪೆನ್‌ಡ್ರೈವ್‌ನಿಂದ ಒಳಗೆ ಹೊಕ್ಕು ಗ್ರಬ್ ಅನ್ನುವ ಆ ಬೂಟ್‌ಲೋಡರನ್ನು ಮತ್ತೆ ಹಾಕಬೇಕು. ಹೊಸದಾಗಿ ಮಾಡಿದ ಇಎಫ್‌ಐ ಪಾರ್ಟಿಶನ್ನಿಗೆ (ಬೂಟ್ ಫೈಲುಗಳ ಜಾಗ), ಸ್ವಾಪಿಗೆ (ರ್‍ಯಾಮ್ ಸಾಲದಾಗ ಬಳಸುವ ಜಾಗ) ಹೊಸ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಬಂದಿರುತ್ತದೆ. ಅದನ್ನು ಪಾರ್ಟಿಶನ್ನುಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ತಿದ್ದಬೇಕು. ತಿದ್ದಲು ಮರೆತಿರೋ, ಆನ್ ಮಾಡಿದಾಗ ಪರದೆಯಲ್ಲಿ ಒಂದು ಕೆಂಪು ಚುಕ್ಕಿ ಆ ಕಡೆ ಈ ಕಡೆ ಓಡಾಡುತ್ತ, ಪಕ್ಕದಲ್ಲಿ 1 ನಿಮಿಷ 30 ಸೆಕೆಂಡಿನ ಲೆಕ್ಕ ನಡೆಯುತ್ತದೆ. ಸಿಗದಿದ್ದದ್ದು ಇಎಫ್‌ಐ ಆದರೆ ಲೆಕ್ಕ ಮುಗಿದ ಮೇಲೆ ಎಮರ್ಜೆನ್ಸಿ ಮೋಡ್. ಹಿಂದೆ ನಿಂತ ಮಾಲೀಕರು "ಏನಾತ್ರಿ?" ಅನ್ನುತ್ತಾರೆ. ಆ ತೊಂಬತ್ತು ಸೆಕೆಂಡ್ ಬಹಳ ಉದ್ದ.

ಆರ್‌ಸಿಂಕ್ ಕೂಡ ಇದೇ ಜಾತಿ. ಮೂಟೆ ಕಟ್ಟದೆ ನೇರ ಹೊಸ ಡಿಸ್ಕಿಗೆ ಸುರಿಯುತ್ತದೆ. ಕಂಪ್ಯೂಟರ್ ಬಂದ್ ಮಾಡಲಾಗದ ಕಡೆ ಅದೇ ಗತಿ. ಮೊದಲ ಸಲ ಕೆಲಸ ನಡೆಯುವಾಗಲೇ ಓಡಿಸಿ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇನ್ನೊಮ್ಮೆ ಓಡಿಸಿದರೆ ಬದಲಾದದ್ದು ಮಾತ್ರ ಹೋಗುತ್ತದೆ. ಬೂಟ್‌ಲೋಡರಿನ ರಗಳೆ ಇದಕ್ಕೂ ಇದೆ. ಬ್ಯಾಡಗಿಯಲ್ಲಿ ಮಾರ್ಕೆಟ್ ಇಲ್ಲದ ದಿನ ನೋಡಿ ಎಫ್‌ಎಸ್‌ಆರ್ಕೈವರ್ ಹಾಕಿದೆ. ಮೂಟೆಯೊಂದು ಕೈಯಲ್ಲಿ ಉಳಿಯಿತಲ್ಲ, ಅದು ಲಾಭ.

ಇಪ್ಪತ್ತು ಮಷೀನಿನ ಲೆಕ್ಕ

ಈಗ ಧಾರವಾಡದ ಲ್ಯಾಬ್. ಒತ್ತಿದ ಇಮೇಜ್ 8 ಜಿಬಿ ಇತ್ತು. ಪೆನ್‌ಡ್ರೈವ್ ಹಿಡಿದು ಒಂದಾದ ಮೇಲೆ ಒಂದು ಮಾಡಬಹುದು. ಒಂದಕ್ಕೆ ಹತ್ತು ನಿಮಿಷ ಅಂದರೂ ಹತ್ತೊಂಬತ್ತಕ್ಕೆ ಮೂರು ತಾಸಿನ ಮೇಲೆ. ಐದಾರು ಮಷೀನ್ ಇದ್ದರೆ ನಾನು ಹೀಗೇ ಮಾಡಿ ಅನ್ನುತ್ತೇನೆ. ನೆಟ್‌ವರ್ಕ್ ಸಿದ್ಧ ಮಾಡುವ ಹೊತ್ತಿಗೆ ಕೆಲಸವೇ ಮುಗಿದಿರುತ್ತದೆ.

ಇಪ್ಪತ್ತಕ್ಕೆ ಮಲ್ಟಿಕಾಸ್ಟ್ ಬೇಕು. ಹತ್ತೊಂಬತ್ತು ಮಷೀನಿಗೆ ಬೇರೆ ಬೇರೆ ಕಳಿಸಿದರೆ 152 ಜಿಬಿ ವೈರಿನಲ್ಲಿ ಹರಿಯಬೇಕು. ಹಳೆ 100 ಎಂಬಿಪಿಎಸ್ ಸ್ವಿಚ್ಚಿನಲ್ಲಿ ಸೆಕೆಂಡಿಗೆ 11 ಎಂಬಿ ಸಿಕ್ಕರೆ ಅದು ಹತ್ತಿರ ಹತ್ತಿರ ನಾಲ್ಕು ತಾಸು. ಮಲ್ಟಿಕಾಸ್ಟಿನಲ್ಲಿ 8 ಜಿಬಿ ಒಂದೇ ಸಲ ಹರಿಯುತ್ತದೆ, ಎಲ್ಲರೂ ಒಟ್ಟಿಗೆ ಕುಡಿಯುತ್ತಾರೆ. ಅದೇ ಹಳೆ ಸ್ವಿಚ್ಚಿನಲ್ಲೂ ಹನ್ನೆರಡು ನಿಮಿಷ. ಗಿಗಾಬಿಟ್ ಆದರೆ ವೈರ್ ಕಾಯುವುದಿಲ್ಲ, ಡಿಸ್ಕ್ ಬರೆಯುವ ವೇಗವೇ ಮಿತಿ.

ಇದಕ್ಕೂ ಎರಡು ಆಯ್ಕೆ. ಕ್ಲೋನ್‌ಜಿಲ್ಲಾ ಪೆನ್‌ಡ್ರೈವಿನಲ್ಲೇ ಲೈಟ್ ಸರ್ವರ್ ಅಂತ ಒಂದಿದೆ. ಒಂದು ಮಷೀನನ್ನು ಅದರಿಂದ ಬೂಟ್ ಮಾಡಿದರೆ ಆ ಹೊತ್ತಿಗೆ ಅದೇ ಸರ್ವರ್. ಉಳಿದವನ್ನು ನೆಟ್‌ವರ್ಕಿನಿಂದ ಬೂಟ್ ಮಾಡಿ, ಎಲ್ಲ ಸೇರಿದ ಮೇಲೆ ಶುರು. ಕೆಲಸ ಮುಗಿದರೆ ಪೆನ್‌ಡ್ರೈವ್ ಕಿಸೆಗೆ. ಇನ್ನೊಂದು ಫಾಗ್. ಅದಕ್ಕೆ ಕಾಯಂ ಆಗಿ ಒಂದು ಕಂಪ್ಯೂಟರ್ ಸರ್ವರ್ ಆಗಿ ಕೂರಬೇಕು. ಬ್ರೌಸರಿನಲ್ಲಿ ಎಲ್ಲ ಮಷೀನುಗಳ ಪಟ್ಟಿ ಕಾಣುತ್ತದೆ, ಇಂಥದ್ದಕ್ಕೆ ಇಂಥ ಇಮೇಜ್ ಅಂತ ಹೇಳಿ ಬಿಟ್ಟರೆ ಮುಂದಿನ ಬೂಟಿನಲ್ಲಿ ತಾನೇ ಸುರಿದುಕೊಳ್ಳುತ್ತದೆ. ಪ್ರತಿ ಪರೀಕ್ಷೆಗೂ ಲ್ಯಾಬ್ ತೊಳೆದು ಹೊಸದು ಮಾಡುವವರಿಗೆ, ಅರವತ್ತು ನೂರು ಮಷೀನ್ ಇರುವವರಿಗೆ ಫಾಗ್ ಸರಿ. ವರ್ಷಕ್ಕೊಮ್ಮೆ ಮಾಡುವ ಇಪ್ಪತ್ತು ಮಷೀನಿಗೆ ಅದು ಹೊರೆ. ಆ ಸರ್ವರನ್ನು ಸಾಕುವವರೂ ಒಬ್ಬರು ಬೇಕಲ್ಲ.

ಲ್ಯಾಬಿನವರು ಲೈಟ್ ಸರ್ವರ್ ಆರಿಸಿಕೊಂಡರು. ಮೊದಲ ಸಲ ಆಮೆ ವೇಗ. ಸ್ವಿಚ್ ಗಿಗಾಬಿಟ್ಟೇ, ಆದರೂ ಸೆಕೆಂಡಿಗೆ 10 ಎಂಬಿ ದಾಟಲಿಲ್ಲ. ಮಲ್ಟಿಕಾಸ್ಟಿನಲ್ಲಿ ಎಲ್ಲರಿಗಿಂತ ನಿಧಾನ ಇರುವವನದೇ ಎಲ್ಲರ ವೇಗ, ಎತ್ತಿನ ಜೋಡಿಯ ಹಾಗೆ. ಸ್ವಿಚ್ಚಿನ ದೀಪ ನೋಡಿ ಅಂದೆ. ಹದಿನೆಂಟು ಹಸಿರು, ಒಂದು ಕೇಸರಿ. ಆ ಕೇಬಲ್ ಹಿಡಿದು ಹೋದರೆ ಮೇಜಿನ ಹಿಂದೆ ಇಲಿ ಕಡಿದಿತ್ತು. ಗಿಗಾಬಿಟ್ಟಿಗೆ ಒಳಗಿನ ಎಂಟೂ ವೈರ್ ಬೇಕು, 100 ಎಂಬಿಪಿಎಸ್‌ಗೆ ನಾಲ್ಕು ಸಾಕು. ನಾಲ್ಕರಲ್ಲೇ ಅದು ಅಷ್ಟು ದಿನ ಯಾರಿಗೂ ಗೊತ್ತಾಗದೆ ನಡೆದಿತ್ತು. ಕೇಬಲ್ ಬದಲಿಸಿದ ಮೇಲೆ ಗಿರ್ಮಿಟ್ ತಿಂದು ಬರುವಷ್ಟರಲ್ಲಿ ಮುಗಿಯಿತು. ಲೈಟ್ ಸರ್ವರ್ ನಡೆಸುವಾಗ ಇಂಟರ್ನೆಟ್ ರೂಟರಿನ ವೈರನ್ನು ಸ್ವಿಚ್ಚಿನಿಂದ ಕಿತ್ತಿಡಿ. ಐಪಿ (ನೆಟ್‌ವರ್ಕಿನ ವಿಳಾಸ) ಹಂಚುವವರು ಇಬ್ಬರಾದರೆ ಜಗಳ.

ನಕಲು ಆದ ಮೇಲಿನ ಕೆಲಸ

ಯಾವ ದಾರಿ ಹಿಡಿದರೂ ಇದು ತಪ್ಪದು. ಇಪ್ಪತ್ತು ಮಷೀನೂ ಒಂದೇ ಹೆಸರು, ಒಂದೇ ಮಷೀನ್ ಐಡಿ, ಒಂದೇ ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗುವಾಗ ಮಷೀನಿನ ಗುರುತು) ಹೊತ್ತು ಹುಟ್ಟಿರುತ್ತವೆ. ಉಬುಂಟು ಸರ್ವರ್ ಆದರೆ ಮಷೀನ್ ಐಡಿ ನೋಡಿಯೇ ಐಪಿ ಕೇಳುವುದರಿಂದ ಎರಡಕ್ಕೂ ಒಂದೇ ಐಪಿ ಬಂದು, ಒಂದು ಏಳುತ್ತ ಇನ್ನೊಂದು ಬೀಳುತ್ತ ತಲೆ ತಿನ್ನುತ್ತವೆ. ಇಮೇಜ್ ತೆಗೆಯುವ ಮುಂಚೆಯೇ ಇಟಿಸಿ ಫೋಲ್ಡರಿನ ಮಷೀನ್ ಐಡಿ ಫೈಲನ್ನು ಖಾಲಿ ಮಾಡಿ ಆಫ್ ಮಾಡಿ. ಮೊದಲ ಬೂಟಿನಲ್ಲಿ ಪ್ರತಿ ಮಷೀನೂ ಹೊಸದು ಮಾಡಿಕೊಳ್ಳುತ್ತದೆ. ಎಸ್‌ಎಸ್‌ಎಚ್ ಕೀ ಹಾಗಲ್ಲ. ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಅಳಿಸಿದರೆ ತಾನಾಗಿ ಹುಟ್ಟುವುದಿಲ್ಲ, ನೀವೇ ಮತ್ತೆ ಮಾಡಿಸಬೇಕು. ಹೆಸರು ಒಂದೊಂದಾಗಿ ಬದಲಿಸಿ.

ಬೇರೆ ಮಾಡೆಲ್ ಮಷೀನಿಗೆ ಸುರಿದರೆ ಲಿನಕ್ಸ್ ಸಾಮಾನ್ಯವಾಗಿ ಎದ್ದು ನಿಲ್ಲುತ್ತದೆ. ವಿಂಡೋಸಿನಷ್ಟು ರಂಪ ಮಾಡುವುದಿಲ್ಲ. ಫೆಡೋರಾ ಲಿನಕ್ಸ್ ಮಾತ್ರ ಆ ಮಷೀನಿಗೆ ಬೇಕಾದ ಡ್ರೈವರ್ ಅಷ್ಟನ್ನೇ ಬೂಟಿಗೆ ಇಟ್ಟುಕೊಳ್ಳುತ್ತದೆ, ಬೇರೆ ಕಡೆ ಏಳದಿದ್ದರೆ ಮೆನುವಿನ ರೆಸ್ಕ್ಯೂ ಸಾಲಿನಿಂದ ಎಬ್ಬಿಸಿ. ಎನ್‌ವಿಡಿಯಾದ ಡ್ರೈವರ್ ಹಾಕಿದ ಇಮೇಜನ್ನು ಬೇರೆ ಕಾರ್ಡಿನ ಮಷೀನಿಗೆ ಹಾಕಿದರೆ ಕಪ್ಪು ಪರದೆ ಬರಬಹುದು. ತೆಗೆಯುವ ಮುಂಚೆ ಅದನ್ನು ಕಿತ್ತು ಹಾಕುವುದು ಸುಲಭ. ಬೂಟ್ ವಿಷಯದಲ್ಲಿ ಒಂದು ನೆನಪಿರಲಿ: ಯುಇಎಫ್‌ಐ (ಹೊಸ ಬೂಟ್ ಪದ್ಧತಿ) ಮಷೀನಿನಲ್ಲಿ ಬೂಟ್ ಪಟ್ಟಿ ಇರುವುದು ಡಿಸ್ಕಿನಲ್ಲಲ್ಲ, ಮದರ್‌ಬೋರ್ಡಿನಲ್ಲಿ. ನಕಲು ಸರಿಯಾಗಿದ್ದರೂ ಏಳದಿರಬಹುದು.

ಅವತ್ತು ಸಂಜೆ ಲ್ಯಾಬಿನಿಂದ ಮತ್ತೆ ಫೋನ್. "ಸರ, ಹದಿನೆಂಟು ಎದ್ವ್ರಿ. ಹದಿನೇಳನೇ ನಂಬರಿಂದೊಂದು ಏಳವಲ್ದ್ರಿ." ಬಯಾಸ್ ತೆರೆದು ತಾರೀಖು ಏನಿದೆ ನೋಡ್ರಿ ಅಂದೆ. 2012ರ ಜನವರಿ ಒಂದು ತೋರಿಸುತ್ತಿತ್ತು. ಮದರ್‌ಬೋರ್ಡಿನ ಸೆಲ್ ಸತ್ತು, ಸೆಟ್ಟಿಂಗ್ ಎಲ್ಲ ಮರೆತು, ಯುಇಎಫ್‌ಐ ಹೋಗಿ ಹಳೆ ಬೂಟ್ ಪದ್ಧತಿಯಾದ ಲೆಗಸಿಗೆ ಬಂದು ಕೂತಿತ್ತು. ಗಡಿಯಾರದ ಅಂಗಡಿಯಿಂದ ಸಿಆರ್2032 ಗುಂಡಿ ಸೆಲ್ ತಂದು ಹಾಕಿ, ಯುಇಎಫ್‌ಐ ಮಾಡಿದ ಮೇಲೆ ಅದೂ ಎದ್ದಿತು.